ಅಡಿಕೆ ಅಂಗಳದಲ್ಲಿ ಮಿಲಿಟರಿ ಲಾರಿ

ಹಳೇ ಜೀಪು ತಂದಿದ್ದರೆ ಶೋಕಿ ಅಂತ ಊರವರು ಸುಮ್ಮನಾಗುತ್ತಿದ್ದರು. ನಾನು ತಂದಿದ್ದು ಲಾರಿ. ಎರಡನೇ ಮಹಾಯುದ್ಧಕ್ಕೆ ಕೆನಡಾದಲ್ಲಿ ತಯಾರಾದ ಮೂರು ಟನ್ನಿನ ಶೆವರ್ಲೆ. ಯುದ್ಧ ಮುಗಿದ ಮೇಲೆ ಇಂಥ ಗಾಡಿಗಳು ಘಟ್ಟದ ಕಾಡುಗಳಲ್ಲಿ ನಾಟ ಎಳೆದವು. ನನ್ನದು ತೀರ್ಥಹಳ್ಳಿ ಹತ್ತಿರ ಒಂದು ಹಲಸಿನ ಮರದ ಬುಡದಲ್ಲಿ, ಮೈತುಂಬ ಬಳ್ಳಿ ಹಬ್ಬಿಸಿಕೊಂಡು ನಿಂತಿತ್ತು. ಅದನ್ನು ಮನೆಗೆ ತರಲು ಇನ್ನೊಂದು ಲಾರಿ, ಒಂದು ಜೆಸಿಬಿ, ಎಂಟು ಜನ ಬೇಕಾಯಿತು. ಊಟ ಬೇರೆ.

"ರೀ, ಅಡಿಕೆ ಎಲ್ಲಿ ಒಣಗಿಸೋದು?" ಹೆಂಡತಿ ಕೇಳಿದ್ದು ಇಷ್ಟೇ.

"ಒಂದು ತಿಂಗಳು ಕಣೇ" ಅಂದೆ. ಅದಾಗಿ ಎರಡು ಕೊಯ್ಲು ಮುಗಿದಿದೆ.

ಈ ಲಾರಿಯ ಮುಂದಿನ ಗಾಜಿನ ಕೆಳಗಿನ ಅಂಚು ಒಳಗಡೆಗೆ ವಾಲಿದೆ. ಅಮ್ಮ ಸುತ್ತ ಬಂದು ನೋಡಿದರು. "ಎಂತಕ್ಕೆ ಮಾರಾಯ ಇದು ನೆಲ ನೋಡ್ತಾ ಇದೆ? ಏನಾದ್ರೂ ಕಳ್ಕೊಂಡಿದ್ಯಾ?" ಬಿಸಿಲು ಗಾಜಿಗೆ ಹೊಡೆದು ಮಿಂಚಿದರೆ ಶತ್ರು ವಿಮಾನಕ್ಕೆ ಗೊತ್ತಾಗುತ್ತೆ, ಅದಕ್ಕೇ ಹೀಗೆ ಅಂತ ವಿವರಿಸಿದೆ. ಅಮ್ಮ ಆಷಾಢದ ಆಕಾಶ ನೋಡಿದರು. "ಬಿಸಿಲೆಲ್ಲಿದೆ ಇಲ್ಲಿ?"

ದೊಡ್ಡ ಗಾಡಿಯ ಕಷ್ಟ ಅಂದರೆ ಮನೆಯಲ್ಲಿರುವ ಯಾವ ಸಾಮಾನೂ ಅದಕ್ಕೆ ಸಾಲುವುದಿಲ್ಲ. ಕಾರಿನ ಜಾಕ್ ಮುರಿಯಿತು. ಲಾರಿ ಜಾಕ್ ತಂದು ಕೊಟ್ಟರೆ ಲಾರಿ ಮೇಲೇಳಲಿಲ್ಲ, ಜಾಕೇ ಕೆಂಪು ಮಣ್ಣಿನೊಳಗೆ ಇಳಿಯಿತು. ಕೊನೆಗೆ ಅಟ್ಟದ ಮೇಲಿದ್ದ ಹಲಸಿನ ಹಲಗೆ ಅಡಿಗೆ ಕೊಟ್ಟೆ. ಅದು ಅಜ್ಜನ ಕಾಲದ ಹಲಗೆ ಅಂತ ಆಮೇಲೆ ಗೊತ್ತಾಯಿತು. ಈಗ ಎರಡು ಹಲಗೆ.

ಇಷ್ಟು ದೊಡ್ಡ ಗಾಡಿ ನನ್ನನ್ನು ಜಾಸ್ತಿ ಗೋಳು ಹೊಯ್ದುಕೊಂಡಿದ್ದು ಕೂದಲೆಳೆ ವ್ಯತ್ಯಾಸದಲ್ಲಿ. ಇದರ ನಟ್‌ಗಳೆಲ್ಲ ಇಂಚಿನ ಲೆಕ್ಕದವು. ಒಂಬತ್ತು ಹದಿನಾರಾಂಶ ಇಂಚು ಅಂದರೆ 14.29 ಮಿಲಿಮೀಟರ್. 14ರ ಸ್ಪ್ಯಾನರ್ ಒಳಗೇ ಹೋಗಲ್ಲ, 15ರದ್ದು ಜಾರಿ ಗೆಣ್ಣು ಕೀಳುತ್ತೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಅಂಗಡಿ ಅಂಗಡಿ ಸುತ್ತಿದೆ. "ಯಾವ ಗಾಡಿಗೆ ಸಾರ್?" ಅಂತ ಕೇಳೋರು. ಹೇಳಿದ ಕೂಡಲೇ ಟೀ ತರಿಸೋರು. ಸ್ಪ್ಯಾನರ್ ಮಾತ್ರ ಸಿಗಲಿಲ್ಲ.

ಚಕ್ರದ ವಿಷಯದಲ್ಲಿ ತಮಾಷೆ ಮಾಡಬಾರದು. ರಿಮ್ಮು ಎರಡು ಹೋಳು, ಬೋಲ್ಟ್ ಹಾಕಿ ಜೋಡಿಸಿದ್ದು. ಗಾಳಿ ಪೂರ್ತಿ ಬಿಡದೆ ಆ ನಟ್ ಬಿಚ್ಚಿದರೆ ರಿಮ್ಮು ಸಿಡಿದು ಎದುರಿಗಿದ್ದವರ ಕಥೆ ಮುಗಿದಂತೆ. ಪಂಕ್ಚರ್ ಹುಡುಗ ಸೀದಾ ಅದಕ್ಕೇ ಸ್ಪ್ಯಾನರ್ ಇಟ್ಟ. ನಾನು ಕಿರುಚಿದ ರಭಸಕ್ಕೆ ಅವನು ತೋಟದ ಕಡೆ ಓಡಿದವನು ಇನ್ನೂ ಬಂದಿಲ್ಲ. ಅವನ ಪಂಪು ನಮ್ಮಲ್ಲೇ ಇದೆ.

ಕರೆಂಟು 6 ವೋಲ್ಟಿನದು. ಮಿಸ್ತ್ರಿ "ಏನಾಗಲ್ಲ ಬಿಡಿ" ಅಂತ 12 ವೋಲ್ಟಿನ ಬ್ಯಾಟರಿ ಕೊಟ್ಟ. ದೀಪಗಳು ಒಂದು ಕ್ಷಣ ದೀಪಾವಳಿ ಮಾಡಿ ಸತ್ತವು. ಕೊನೆಗೆ ಮುಂದುಗಡೆ ಸಿಕ್ಕಿಸಿ ಕೈಯಲ್ಲಿ ತಿರುಗಿಸಿ ಇಂಜಿನ್ ಸ್ಟಾರ್ಟ್ ಮಾಡುವ ಹ್ಯಾಂಡಲ್ಲೇ ಗತಿ. ಅದನ್ನು ಹಿಡಿಯುವಾಗ ಹೆಬ್ಬೆರಳನ್ನೂ ಉಳಿದ ಬೆರಳುಗಳ ಕಡೆಗೇ ಇಡಬೇಕು, ಸುತ್ತಿ ಹಿಡಿಯಬಾರದು. ಹಿಂದಕ್ಕೆ ಒದ್ದರೆ ಬೆರಳು ಮುರಿಯುತ್ತೆ. ಇದನ್ನು ನನಗೆ ಕಲಿಸಿದ್ದು ಲಾರಿಯೇ.

ಹೋದ ಮೇ ತಿಂಗಳಲ್ಲಿ ಒಂದು ದಿನ ಇಂಜಿನ್ ಸ್ಟಾರ್ಟ್ ಆಯಿತು. ಬಚ್ಚಲೊಲೆ ಹಾಗೆ ಹೊಗೆ. ಅಂಗಳ ದಾಟಿತು, ಉಣಗೋಲು ದಾಟಿತು, ಗೇರು ಬದಲಿಸಲು ನಾನು ಡಬಲ್ ಕ್ಲಚ್ ಒತ್ತುವಷ್ಟರಲ್ಲಿ ರಸ್ತೆ ಪಕ್ಕ ನಿಂತುಬಿಟ್ಟಿತು. ಹತ್ತಾರು ಜನ ತಳ್ಳಿದರೂ ಒಂದಿಂಚು ಅಲ್ಲಾಡಲಿಲ್ಲ. ಮಾರನೇ ವಾರ ಮಳೆ ಹಿಡಿಯಿತು.

ಈಗ ಶಾಲೆ ಮಕ್ಕಳು ಮಳೆಗೆ ಅದರೊಳಗೇ ಕೂತು ಬಸ್ಸು ಕಾಯುತ್ತಾರೆ. ಹೆಂಡತಿ ಅಂಗಳ ಸಾರಿಸಿ ಹಸನು ಮಾಡಿಕೊಂಡಿದ್ದಾಳೆ. ಮೊನ್ನೆ ಮತ್ತೆ ಸ್ಪ್ಯಾನರ್ ಹುಡುಕಲು ಶಿವಮೊಗ್ಗಕ್ಕೆ ಹೋಗಿ ಸಂಜೆ ಬಸ್ಸಿನಲ್ಲಿ ತೂಕಡಿಸುತ್ತಿದ್ದೆ. ಕಂಡಕ್ಟರ್ ಸೀಟಿ ಊದಿ ಕೂಗಿದ:

"ಮಿಲಿಟರಿ ಲಾರಿ ಯಾರ್ರೀ? ಇಳೀರಿ, ಇಳೀರಿ!"