ಆ ಕಾರ್ಡಿಗೂ ನಾವು ದುಡ್ಡು ಕೊಟ್ಟಿದ್ದೇವೆ

"ಲಿನಕ್ಸ್ ಹಾಕಿದ್ದೀರಲ್ಲ ಸರ್, ಅದಕ್ಕೇ ವೈಫೈ ಹೋಗಿರೋದು."

ನಿನ್ನೆ ಸಂಜೆ ಹಾಸನದ ಒಂದು ರಿಪೇರಿ ಅಂಗಡಿಯಲ್ಲಿ ಕೇಳಿದ ಮಾತು ಇದು. ಲಿನಕ್ಸ್ ಅಂದರೆ ವಿಂಡೋಸಿನ ಬದಲು ಕಂಪ್ಯೂಟರಿಗೆ ಹಾಕಿಕೊಳ್ಳಬಹುದಾದ, ಯಾರು ಬೇಕಾದರೂ ಕೋಡ್ ನೋಡಬಹುದಾದ ವ್ಯವಸ್ಥೆ. ರಾತ್ರಿಯೆಲ್ಲ ಕೊರೆಯಿತು. ಹೇಳಿದವರು ಒಳ್ಳೆಯ ಮನುಷ್ಯರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹದಿನೈದು ವರ್ಷದಿಂದ ಇದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳುತ್ತಾ ಬಂದಿದ್ದೇನೆ. ಇವತ್ತು ಬರೆದೇ ತೀರುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗಳ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ (ಲಿನಕ್ಸಿನದ್ದೇ ಒಂದು ಬಗೆ) ಹಾಕಿಕೊಟ್ಟಿದ್ದು ನಿಮಗೆ ನೆನಪಿರಬೇಕು, ಫೋಟೋ ಕೂಡ ಹಾಕಿದ್ದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅವಳದ್ದು ಏಳನೇ ಜನರೇಶನ್ನಿನ ಇಂಟೆಲ್ ಐ3 ಪ್ರೊಸೆಸರ್. ವಿಂಡೋಸ್ 11 ಕೇಳುವುದು ಎಂಟನೇ ಜನರೇಶನ್ ಮತ್ತು ಅದರ ಮೇಲಿನದ್ದು. ಹುಡುಗಿ ಬಿ.ಎಡ್. ಓದುತ್ತಿದ್ದಾಳೆ. ಪಾಠಯೋಜನೆ ಬರೆಯಬೇಕು, ನಾಲ್ಕು ವಿಡಿಯೋ ನೋಡಬೇಕು, ಮೇಲ್ ಕಳಿಸಬೇಕು. ಅಷ್ಟಕ್ಕೆ ಆ ಲ್ಯಾಪ್‌ಟಾಪ್ ಇನ್ನೂ ಐದು ವರ್ಷ ಸಾಕು. ಸುಮ್ನೆ ಯಾಕೆ ಎಸೆಯಬೇಕು?

ಪೆನ್‌ಡ್ರೈವಿನಿಂದ ಮಿಂಟ್ ಹಾಕಿದೆ. ಸೌಂಡ್ ಬಂತು, ಕ್ಯಾಮೆರಾ ಬಂತು, ಟಚ್‌ಪ್ಯಾಡ್ ಬಂತು. ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಆಗಲೇ ಇತ್ತು. ಅವಳು ಕೂತು ತನ್ನ ಹೆಸರು, ಊರು, ಕಾಲೇಜಿನ ಹೆಸರು ಕನ್ನಡದಲ್ಲಿ ಹೊಡೆದು ನೋಡಿದಳು. ಎಲ್ಲ ಇತ್ತು. ವೈಫೈ ಮಾತ್ರ ಇರಲಿಲ್ಲ.

ಇದು ಎಷ್ಟು ಸಂಕಟದ ಜಾಗ ಅಂತ ಅನುಭವಿಸಿದವರಿಗೇ ಗೊತ್ತು. ವೈಫೈ ಬರಬೇಕಾದರೆ ಡ್ರೈವರ್, ಅಂದರೆ ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಬೇಕು. ಡ್ರೈವರ್ ಬೇಕಾದರೆ ಇಂಟರ್ನೆಟ್ ಬೇಕು. ಇಂಟರ್ನೆಟ್ ಬೇಕಾದರೆ ವೈಫೈ ಬೇಕು. ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಪೋರ್ಟ್ ಇಲ್ಲ. ಮೊದಲ ಸಲ ಲಿನಕ್ಸ್ ಹಾಕಿದವರು ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಫೋನನ್ನು ಚಾರ್ಜರ್ ಕೇಬಲ್‌ನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಮೆನುವಿನಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಲಿನಕ್ಸ್ ಅದನ್ನು ತಂತಿ ನೆಟ್‌ವರ್ಕ್ ಅಂತ ತಾನೇ ಹಿಡಿದುಕೊಳ್ಳುತ್ತದೆ. ಆಮೇಲೆ ಮಿಂಟಿನ ಡ್ರೈವರ್ ಮ್ಯಾನೇಜರ್ ತೆರೆದರೆ ಕಂಪನಿ ಕೊಟ್ಟ ಡ್ರೈವರ್ ಇದ್ದರೆ ತೋರಿಸುತ್ತದೆ.

ನಾವೂ ಹಾಗೇ ಮಾಡಿದೆವು. ಸೆಕ್ಯೂರ್ ಬೂಟ್ (ಗುರುತಿಲ್ಲದ ಸಾಫ್ಟ್‌ವೇರನ್ನು ತಡೆಯುವ ಕಾವಲು) ಆನ್ ಇದ್ದಿದ್ದರಿಂದ ಒಂದು ಪಾಸ್‌ವರ್ಡ್ ಇಡಿ ಅಂತ ಕೇಳಿತು. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬಂತು. ಅಲ್ಲಿ ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಬೇಕು, ಆ ಪಾಸ್‌ವರ್ಡ್ ಕೊಟ್ಟು ಹೊಸ ಕೀಲಿಯನ್ನು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಡ್ರೈವರ್ ಕೂತಿದ್ದರೂ ಕರ್ನಲ್ (ಲಿನಕ್ಸಿನ ಒಳತಿರುಳು) ಅದನ್ನು ಒಳಗೆ ಬಿಡಲ್ಲ. ಮೊದಲ ಸಲ ಅಕ್ಕ ಹೋಳಿಗೆ ತಿನ್ನು ಬಾ ಅಂತ ಕರೆದಳು, ನಾನು ತಿರುಗಿ ನೋಡುವಷ್ಟರಲ್ಲಿ ಹತ್ತು ಸೆಕೆಂಡ್ ಮುಗಿದಿತ್ತು. ಎರಡನೇ ಸಲ ಆಯಿತು. ಬಲಗಡೆ ಮೂಲೆಯಲ್ಲಿ ಆ ಸಣ್ಣ ಬೀಸಣಿಗೆ ಗುರುತು ಮೂಡಿದಾಗ ಹುಡುಗಿ ಚಪ್ಪಾಳೆ ತಟ್ಟಿದಳು.

ಮೂರು ವಾರ ಚೆನ್ನಾಗಿ ನಡೆಯಿತು. ಹೋದ ಗುರುವಾರ ಅಪ್‌ಡೇಟ್ ಬಂತು, ಅವಳು ಹಾಕಿದಳು. ಹಾಕಬೇಕಾದದ್ದೇ. ಹೊಸ ಕರ್ನಲ್ ಬಂತು, ವೈಫೈ ಮಾಯವಾಯಿತು. ಪರೀಕ್ಷೆ ಫಾರಂ ತುಂಬಲು ಎರಡೇ ದಿನ ಉಳಿದಿತ್ತು. ಗಾಬರಿಯಾಗಿ ಅಂಗಡಿಗೆ ಕೊಟ್ಟಳು. ಅವರು ಲಿನಕ್ಸ್ ತೆಗೆದು ವಿಂಡೋಸ್ ಹಾಕಬೇಕು, 1500 ಆಗುತ್ತೆ ಅಂದರು. ಅವಳು ಫೋನ್ ಮಾಡಿ, "ಮಾಮ, ಬೇಜಾರು ಮಾಡ್ಕೋಬೇಡಿ, ತೆಗೆಸಿಬಿಡ್ತೀನಿ" ಅಂದಳು. ನಾನು ಮಧ್ಯಾಹ್ನವೇ ಬಸ್ಸು ಹತ್ತಿದೆ.

ಅಂಗಡಿಯವರ ಎದುರಲ್ಲೇ ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಅಂತ ಹೊಡೆದೆ. ಒಳಗೆ ಯಾವ ಯಾವ ಕಾರ್ಡ್ ಇದೆ ಅಂತ ಪಟ್ಟಿ ತೋರಿಸುವ ಆಜ್ಞೆ ಅದು. ವೈಫೈ ಕಾರ್ಡ್ ಅಲ್ಲೇ ಇತ್ತು. ಕಂಪನಿಯ ಹೆಸರು, ಮಾಡೆಲ್ ನಂಬರ್, ಎಲ್ಲವನ್ನೂ ಲಿನಕ್ಸ್ ಸರಿಯಾಗಿ ಹೇಳುತ್ತಿತ್ತು. ಅದರ ಕೆಳಗೆ, ಯಾವ ಡ್ರೈವರ್ ಬಳಕೆಯಲ್ಲಿದೆ ಅಂತ ಹೇಳುವ ಒಂದು ಸಾಲು ಇರಬೇಕು. ಅದೊಂದು ಸಾಲು ಇರಲಿಲ್ಲ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಶುರುವಿನಲ್ಲೇ ಬರುವ ಗ್ರಬ್ ಮೆನುವಿಗೆ ಹೋಗಿ, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೆಯ ಕರ್ನಲ್ ಆರಿಸಿಕೊಂಡೆ. ಎರಡು ನಿಮಿಷಕ್ಕೆ ಅಂಗಡಿಯ ವೈಫೈ ಕಂಡಿತು, ಪಕ್ಕದ ಬೇಕರಿಯದ್ದೂ ಕಂಡಿತು. ಅದೇ ಲ್ಯಾಪ್‌ಟಾಪ್, ಅದೇ ಕಾರ್ಡ್, ಅದೇ ಲಿನಕ್ಸ್.

ಹಾಗಾದರೆ ಹೋಗಿದ್ದು ಯಾರಿಂದ?

ಕಾರ್ಡ್ ಮಾಡಿದ ಕಂಪನಿಯಿಂದ. ಆ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ, ಒಬ್ಬರ ಚಾಳಿಯೂ ಅಲ್ಲ ಇದು. ಅವರು ಎಷ್ಟೋ ವರ್ಷದ ಹಿಂದೆ ಲಿನಕ್ಸಿಗೆ ಅಂತ ಒಂದು ಡ್ರೈವರ್ ಕೊಟ್ಟರು. ಅದರ ಮುಖ್ಯ ಭಾಗ ಮುಚ್ಚಿದ ಪೆಟ್ಟಿಗೆ, ಒಳಗೆ ಏನಿದೆ ಅಂತ ಯಾರಿಗೂ ಕಾಣಲ್ಲ. ಅದರ ಸುತ್ತ ತೆಳುವಾಗಿ ಒಂದಿಷ್ಟು ತೆರೆದ ಕೋಡ್. ಕೊಟ್ಟ ಮೇಲೆ ಅವರು ಈ ಕಡೆ ತಲೆ ಹಾಕಲಿಲ್ಲ. ಪ್ರತಿ ಹೊಸ ಕರ್ನಲ್ ಬಂದಾಗ ಡಿಕೆಎಂಎಸ್ ಅನ್ನುವ ವ್ಯವಸ್ಥೆ ಆ ಡ್ರೈವರನ್ನು ನಮ್ಮ ಲ್ಯಾಪ್‌ಟಾಪಿನಲ್ಲೇ ಮತ್ತೆ ಕಟ್ಟಬೇಕು. ಕರ್ನಲ್ ಒಳಗೆ ಏನಾದರೂ ಬದಲಾಗಿದ್ದರೆ ಕಟ್ಟುವ ಕೆಲಸ ನಿಂತುಹೋಗುತ್ತದೆ. ಆಗ ಡೆಬಿಯನ್, ಉಬುಂಟು ಅನ್ನುವ ಲಿನಕ್ಸ್ ಬಗೆಗಳನ್ನು ಕಟ್ಟುವವರೋ, ಎಲ್ಲೋ ಕೂತ ಇನ್ಯಾರೋ ಒಬ್ಬರು ಆ ತೆಳು ಕೋಡಿಗೆ ತೇಪೆ ಹಾಕುತ್ತಾರೆ. ಆ ಕಾರ್ಡ್ ಮಾರಿ ಅವರಿಗೆ ಒಂದು ರೂಪಾಯಿ ಬಂದಿಲ್ಲ. ದುಡ್ಡು ತೆಗೆದುಕೊಂಡವರು ಸುಮ್ಮನಿದ್ದಾರೆ, ದುಡ್ಡು ಕಾಣದವರು ಕೆಲಸ ಮಾಡುತ್ತಿದ್ದಾರೆ. ಬೈಗುಳ ಮಾತ್ರ ಕೆಲಸ ಮಾಡಿದವರಿಗೆ.

ಇದಕ್ಕೆ ಒಂದು ಉತ್ತರ ಸಿದ್ಧವಾಗಿರುತ್ತದೆ ಅಂತ ಗೊತ್ತು. ನನ್ನ ಸಾಫ್ಟ್‌ವೇರ್ ಗೆಳೆಯರು ಇದನ್ನೇ ಹೇಳುತ್ತಾರೆ. ಕರ್ನಲ್‌ನವರು ಒಳಗಿನ ವ್ಯವಸ್ಥೆಯನ್ನು ಆಗಾಗ ಬದಲಾಯಿಸುತ್ತಾರೆ, ವಿಂಡೋಸಿನಲ್ಲಿ ಹಳೆಯ ಡ್ರೈವರ್ ಎಷ್ಟೋ ವರ್ಷ ಓಡುತ್ತದೆ, ಹಾಗಾಗಿ ತಪ್ಪು ಲಿನಕ್ಸಿನದ್ದೇ ಅಂತ. ಬದಲಾಯಿಸುತ್ತಾರೆ ಅನ್ನುವುದು ನಿಜ. ಆದರೆ ಬದಲಾಯಿಸಿದವರೇ ಕರ್ನಲ್ ಒಳಗಿರುವ ಎಲ್ಲ ಡ್ರೈವರುಗಳನ್ನೂ ಸರಿಮಾಡಿಕೊಡುತ್ತಾರಲ್ಲ? ಮನೆಯ ಬೀಗ ಬದಲಾಯಿಸಿದರೆ ಮನೆಯೊಳಗಿನವರಿಗೆಲ್ಲ ಹೊಸ ಬೀಗದಕೈ ಸಿಗುತ್ತದೆ. ಒಳಗೆ ಬಾ ಅಂತ ಕರೆದರೂ ಬರದೆ ಹೊರಗೆ ನಿಂತವನು, ನನಗೆ ಹೇಳದೆ ಬೀಗ ಬದಲಾಯಿಸಿದರು ಅಂದರೆ ಏನು ಹೇಳುವುದು?

ಒಳಗೆ ಬಂದವರನ್ನು ನೋಡಿ. ಅಥೆರೋಸ್ ಅನ್ನುವ ಕಂಪನಿಯ ವೈಫೈ ಚಿಪ್‌ಗಳ ಎಟಿಎಚ್9ಕೆ ಡ್ರೈವರ್ 2008ರಲ್ಲಿ ಕರ್ನಲ್ ಸೇರಿತು, ಅದೂ ಕಂಪನಿಯ ಕಡೆಯಿಂದಲೇ ಬಂದದ್ದು. ಅದರ ಪಿಸಿಐ ಕಾರ್ಡುಗಳಿಗೆ ಬೇರೆ ಫರ್ಮ್‌ವೇರ್ (ಚಿಪ್ಪಿನೊಳಗೇ ಓಡುವ ಸಾಫ್ಟ್‌ವೇರ್) ಕಡತವೂ ಬೇಡ. ಅಂದಿನ ಕಾರ್ಡ್ ಹಾಕಿದ ಹಳೇ ಲ್ಯಾಪ್‌ಟಾಪ್ ಒಂದು ನನ್ನ ಹತ್ತಿರ ಇದೆ. ಯಾವ ಲಿನಕ್ಸ್ ಹಾಕಿದರೂ ಮೊದಲ ಬೂಟಿಗೇ ವೈಫೈ ಬರುತ್ತದೆ. ಇಂಟೆಲ್ ಕಾರ್ಡುಗಳ ಡ್ರೈವರ್ ಕೂಡ ಕರ್ನಲ್ ಒಳಗೇ ಇದೆ. ಫರ್ಮ್‌ವೇರ್ ಮುಚ್ಚಿದ್ದೇ, ಅದರ ಬಗ್ಗೆ ನನಗೆ ತಕರಾರಿದೆ, ಆದರೆ ಹಂಚಲು ಬಿಟ್ಟಿದ್ದಾರೆ. ಹಾಗಾಗಿ ಜನರಿಗೆ ತೊಂದರೆ ಕಡಿಮೆ.

ಒಳಗೆ ಬರಲು ಒಪ್ಪದವರ ಚಿಪ್‌ಗಳಿಗೆ ಏನು ಮಾಡಬೇಕಾಯಿತು ಅಂತಲೂ ನೆನಪಿಸಿಕೊಳ್ಳಬೇಕು. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್‌ಗಳಿಗೆ ತೆರೆದ ಡ್ರೈವರ್ ಕರ್ನಲ್ ಸೇರಿದ್ದು 2006ರಲ್ಲಿ. ಕಂಪನಿ ಕೊಟ್ಟಿದ್ದಲ್ಲ. ಒಂದು ಗುಂಪು ಮುಚ್ಚಿದ ಡ್ರೈವರನ್ನು ಬಿಚ್ಚಿ ಓದಿ, ಚಿಪ್ ಹೇಗೆ ಕೆಲಸ ಮಾಡುತ್ತದೆ ಅಂತ ವಿವರಣೆ ಬರೆಯಿತು. ಇನ್ನೊಂದು ಗುಂಪು ಆ ಮೂಲ ಡ್ರೈವರನ್ನು ಮುಟ್ಟದೆ, ಬರೀ ವಿವರಣೆ ಓದಿಕೊಂಡು ಹೊಸ ಡ್ರೈವರ್ ಬರೆಯಿತು. ನಕಲು ಮಾಡಿದರು ಅಂತ ಯಾರೂ ಹೇಳಬಾರದು ಅನ್ನುವ ಎಚ್ಚರ. ಕಂಪನಿ ತಾನೇ ತೆರೆದ ಡ್ರೈವರ್ ಕೊಟ್ಟಿದ್ದು 2010ರ ಸೆಪ್ಟೆಂಬರಿನಲ್ಲಿ, ಅದೂ ಕೆಲವು ಹೊಸ ಚಿಪ್‌ಗಳಿಗೆ ಮಾತ್ರ. ಮೊದಲೇ ಚಿಪ್ಪಿನ ಕಾಗದಪತ್ರ ಕೊಟ್ಟಿದ್ದರೆ ಅಷ್ಟೊಂದು ಜನರ ಅಷ್ಟೊಂದು ರಾತ್ರಿಗಳು ಉಳಿಯುತ್ತಿದ್ದವು.

ಕಂಪನಿಗಳ ಪರವಾಗಿ ಹೇಳುವ ಇನ್ನೊಂದು ಮಾತು, ರೇಡಿಯೋ ನಿಯಮದ್ದು. ಕೋಡ್ ತೆರೆದರೆ ಜನ ಸಿಗ್ನಲ್ ಶಕ್ತಿ ಜಾಸ್ತಿ ಮಾಡಿಕೊಳ್ಳುತ್ತಾರೆ, ಸರ್ಕಾರಗಳು ಒಪ್ಪಲ್ಲ ಅಂತ. ಯಾವ ದೇಶದಲ್ಲಿ ಯಾವ ಚಾನೆಲ್, ಎಷ್ಟು ಶಕ್ತಿ ಅನ್ನುವ ಪಟ್ಟಿಯನ್ನು ಲಿನಕ್ಸ್ ತಾನೇ ಇಟ್ಟುಕೊಂಡಿದೆ, ಡ್ರೈವರುಗಳು ಅದನ್ನು ಪಾಲಿಸುತ್ತವೆ. ಅಥೆರೋಸಿಗೆ ಆಗಿದ್ದು ಉಳಿದವರಿಗೆ ಯಾಕೆ ಆಗಲ್ಲ? ಲಿನಕ್ಸ್ ಬಳಸುವವರು ಕಡಿಮೆ, ಖರ್ಚು ಗಿಟ್ಟಲ್ಲ ಅನ್ನುವುದನ್ನಂತೂ ನಾನು ಒಪ್ಪುವುದೇ ಇಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಇರುವುದು ಲಿನಕ್ಸ್ ಕರ್ನಲ್. ಮನೆಯ ರೂಟರುಗಳಲ್ಲೂ ಹೆಚ್ಚಾಗಿ ಅದೇ. ಅವಕ್ಕೆ ಚಿಪ್ ಮಾರುವಾಗ ಲಿನಕ್ಸಿಗೆ ಡ್ರೈವರ್ ಬರೆಯಲು ಜನ ಸಿಗುತ್ತಾರೆ. ಹಾಸನದ ಹುಡುಗಿಯ ಲ್ಯಾಪ್‌ಟಾಪಿಗೆ ಬರೆಯಲು ಮಾತ್ರ ಸಿಗಲ್ಲ.

ಈಗ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. 2009ರಲ್ಲಿ, ಹಾಸ್ಟೆಲಿನಲ್ಲಿದ್ದಾಗ, ರೂಂಮೇಟ್ ಒಬ್ಬನಿಗೆ ಒತ್ತಾಯ ಮಾಡಿ ಉಬುಂಟು ಹಾಕಿಸಿದೆ. ವೈಫೈ ಬರಲಿಲ್ಲ. ವಿಂಡೋಸಿನ ಡ್ರೈವರನ್ನೇ ಎನ್‌ಡಿಐಎಸ್‌ವ್ರ್ಯಾಪರ್ ಅನ್ನುವ ಸಾಫ್ಟ್‌ವೇರಿನಲ್ಲಿ ಸುತ್ತಿ ಓಡಿಸಲು ಮೂರು ರಾತ್ರಿ ಕೂತೆ, ಆಗಲಿಲ್ಲ. ನಾಲ್ಕನೇ ದಿನ ಅವನಿಗೆ, "ನಿನ್ನ ಲ್ಯಾಪ್‌ಟಾಪೇ ಸರಿಯಿಲ್ಲ, ತಗೊಳ್ಳೋ ಮುಂಚೆ ಕೇಳಬಾರದಿತ್ತಾ" ಅಂದುಬಿಟ್ಟೆ. ಅವರಪ್ಪ ಅಡಿಕೆ ಮಾರಿದ ದುಡ್ಡಲ್ಲಿ ಕೊಡಿಸಿದ ಲ್ಯಾಪ್‌ಟಾಪ್ ಅದು. ಅವನು ಏನೂ ಮಾತಾಡಲಿಲ್ಲ. ನಿನ್ನೆ ಅಂಗಡಿಯವರು ಲಿನಕ್ಸನ್ನು ಬೈದಾಗ ನನಗೆ ನೆನಪಾಗಿದ್ದು ಅವನ ಮುಖ. ನಾನೂ ತಪ್ಪು ಮಾಡದವನನ್ನು ಹಿಡಿದು ಬೈದಿದ್ದೆ. ಅವನು ಇಲ್ಲಿ ನನ್ನ ಗೆಳೆಯರ ಪಟ್ಟಿಯಲ್ಲಿದ್ದಾನೆ, ಓದುತ್ತಾನೆ. ಕ್ಷಮಿಸು ಮಾರಾಯ. ನಿನ್ನ ಲ್ಯಾಪ್‌ಟಾಪ್ ಸರಿಯಾಗಿಯೇ ಇತ್ತು.

ಕಾರ್ಡ್ ಬದಲಾಯಿಸಿಕೊಳ್ಳಿ, ಇಲ್ಲ ಯುಎಸ್‌ಬಿಗೆ ಸಿಕ್ಕಿಸುವ ವೈಫೈ ಡಾಂಗಲ್ ಹಾಕಿಕೊಳ್ಳಿ ಅನ್ನುವವರಿಗೆ: ಆಯಿತು, ಹಾಕಿಕೊಳ್ಳುತ್ತೇವೆ. ಆದರೆ ಒಂದು ಸಲ ದುಡ್ಡು ಕೊಟ್ಟ ವಸ್ತುವಿಗೆ ಎರಡನೇ ಸಲ ಯಾಕೆ ಕೊಡಬೇಕು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಕೆಲವು ಹಳೆಯ ಲ್ಯಾಪ್‌ಟಾಪುಗಳಲ್ಲಂತೂ ತಮ್ಮ ಪಟ್ಟಿಯಲ್ಲಿಲ್ಲದ ಕಾರ್ಡ್ ಹಾಕಿದರೆ ಬಯಾಸ್ (ಲ್ಯಾಪ್‌ಟಾಪನ್ನು ಶುರು ಮಾಡುವ ಒಳ ಸಾಫ್ಟ್‌ವೇರ್) ಮುಂದಕ್ಕೇ ಹೋಗಲು ಬಿಡಲ್ಲ.

ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸಿನಲ್ಲೇ ಕಲಿಯುತ್ತಾರೆ. ನಮ್ಮ ಸರ್ಕಾರವೂ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಿದೆ. ಆ ಟೆಂಡರಿನಲ್ಲಿ, ಎಲ್ಲ ಬಿಡಿಭಾಗಗಳ ಡ್ರೈವರ್ ಲಿನಕ್ಸ್ ಕರ್ನಲ್ ಒಳಗಿರಬೇಕು ಅಂತ ಒಂದೇ ಒಂದು ಸಾಲು ಸೇರಿಸಲಿ. ಸಾವಿರಗಟ್ಟಲೆ ಲ್ಯಾಪ್‌ಟಾಪ್ ಮಾರುವ ಆಸೆ ಇದ್ದವರು ಸರಿಯಾದ ಕಾರ್ಡ್ ಹುಡುಕಿ ಹಾಕುತ್ತಾರೆ. ಇದನ್ನು ಬರೆದು ಸಂಬಂಧಪಟ್ಟವರಿಗೆ ಕಳಿಸುತ್ತೇನೆ. ಜೊತೆಗೆ ಸಹಿ ಹಾಕುವವರು ಕಾಮೆಂಟಿನಲ್ಲಿ ಹೇಳಿ.

ಹೊಸ ಲ್ಯಾಪ್‌ಟಾಪ್ ಕೊಳ್ಳುವವರಿದ್ದರೆ ಮಿಂಟ್ ತುಂಬಿದ ಪೆನ್‌ಡ್ರೈವ್ ಅಂಗಡಿಗೇ ತೆಗೆದುಕೊಂಡು ಹೋಗಿ. ಇನ್‌ಸ್ಟಾಲ್ ಮಾಡದೆಯೇ ಅದರಿಂದ ಬೂಟ್ ಮಾಡಿ ನೋಡಬಹುದು. ವೈಫೈ ಕಾಣದಿದ್ದರೆ ಬೇರೆ ಮಾಡೆಲ್ ತೋರಿಸಿ ಅನ್ನಿ. ಯಾಕೆ ಬೇಡ ಅಂತಲೂ ಅವರಿಗೆ ಹೇಳಿ.

ನಿನ್ನೆ ಫಾರಂ ಅಂಗಡಿಯಲ್ಲೇ ತುಂಬಿದ್ದಾಯಿತು, ಅದೇ ಲ್ಯಾಪ್‌ಟಾಪಿನಲ್ಲಿ, ಅವರ ವೈಫೈಯಲ್ಲೇ. ಅಂಗಡಿಯವರು ದುಡ್ಡು ತೆಗೆದುಕೊಳ್ಳಲಿಲ್ಲ. ಹಳೆಯ ಕರ್ನಲ್ ಆರಿಸುವುದು ಹೇಗೆ ಅಂತ ಬಿಲ್ ಪುಸ್ತಕದ ಹಿಂದೆ ಹುಡುಗಿಯ ಕೈಯಲ್ಲಿ ಬರೆಸಿಕೊಂಡರು. "ಇನ್ನೂ ಎರಡು ಲ್ಯಾಪ್‌ಟಾಪ್ ಹಿಂಗೇ ಬಂದು ಕೂತಿವೆ ಸರ್" ಅಂದರು. ಮುಂದಿನ ಭಾನುವಾರ ಹೋಗುತ್ತೇನೆ ಅಂದಿದ್ದೇನೆ.

ಕೊನೆಗೆ ಒಂದು ಬೇಡಿಕೆ. ಹಳೆಯ ಕರ್ನಲ್ಲಿನಲ್ಲೇ ಅವಳನ್ನು ಎಷ್ಟು ದಿನ ಕೂರಿಸಲಿ? ಯಾರ ಹತ್ತಿರವಾದರೂ ಕೆಟ್ಟ ಲ್ಯಾಪ್‌ಟಾಪಿನಿಂದ ತೆಗೆದಿಟ್ಟ ಇಂಟೆಲ್ ವೈಫೈ ಕಾರ್ಡ್ ಇದ್ದರೆ ತಿಳಿಸಿ. ಎಂ.2, 2230 ಸೈಜಿನದ್ದು. ಎಎಕ್ಸ್200 ಅಥವಾ 7265 ಆದರೆ ಒಳ್ಳೆಯದು. ಎಎಕ್ಸ್201 ಬೇಡ, ಈ ಹಳೇ ಬೋರ್ಡಿನಲ್ಲಿ ಅದು ಓಡಲ್ಲ. ಹಾಸನದ ಕಡೆಯವರಾದರೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.