ಬನ್ನಿ, ಬ್ರೆಡ್ ತಿನ್ನಿ

ನಮ್ಮ ಮನೆ ನಾಯಿಯ ಹೆಸರು ಬನ್ನಿ. ಮಗಳು ಇಟ್ಟಿದ್ದು ಇಂಗ್ಲಿಷಿನ ಬನ್ನಿ, ಮೊಲ ಅನ್ನೋ ಅರ್ಥದಲ್ಲಿ. ಮೂರು ವರ್ಷದ ಹಿಂದೆ ಒಂದು ಮಳೆಗಾಲದ ಸಂಜೆ ನನ್ನ ಸ್ಕೂಟರಿನ ಕೆಳಗೆ ತೊಪ್ಪೆಯಾಗಿ ಕೂತಿದ್ದ ಬೀದಿಮರಿಗೆ ಮೈಗಿಂತ ಕಿವಿಯೇ ದೊಡ್ಡದಿತ್ತು. ಅಮ್ಮನಿಗೆ ಮಾತ್ರ ಅದು ಕನ್ನಡದ ಬನ್ನಿಯಾಗಿಯೇ ಕೇಳಿಸಿತು. "ನನ್ನ ಸೊಸೆ ನನ್ನನ್ನೇ ಇಷ್ಟು ಮರ್ಯಾದೆಯಿಂದ ಕರೆದಿಲ್ಲ, ನಾಯಿಗೆ ಬಹುವಚನ ಬೇರೆ" ಅಂದರು. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಸ್ವಲ್ಪ ಜೋರಾಗಿಯೇ ಇಟ್ಟಳು.

ಈ ಹೆಸರಿನಿಂದ ಆದ ಫಜೀತಿ ಒಂದೆರಡಲ್ಲ. ಸತ್ಯನಾರಾಯಣ ಪೂಜೆಗೆ ಬಂದ ಶಾಸ್ತ್ರಿಗಳನ್ನು ನಾನು ಗೇಟಿನಲ್ಲೇ "ಬನ್ನಿ ಬನ್ನಿ, ಒಳಗೆ ಬನ್ನಿ" ಎಂದು ಕರೆದೆ. ಮೂರು ಸಲ ಹೆಸರು ಕೂಗಿದರಲ್ಲ, ಏನೋ ಭಾರೀ ತಿಂಡಿಯೇ ಇರಬೇಕು ಅಂದುಕೊಂಡ ಇವನು ಹಿತ್ತಲಿಂದ ಹಾರಿಬಂದು, ಶಾಸ್ತ್ರಿಗಳ ಮಡಿಪಂಚೆ ದಾಟಿಕೊಂಡು ಅವರಿಗಿಂತ ಮೊದಲು ದೇವರಮನೆ ಸೇರಿದ. ಸಿಟಿ ಬಸ್ಸಿನ ಕಂಡಕ್ಟರ್ ನಮ್ಮ ಸ್ಟಾಪಿನಲ್ಲಿ "ಬನ್ನಿಮಂಟಪ, ಬನ್ನಿಮಂಟಪ" ಎಂದು ಕೂಗಿದರೂ ಅಷ್ಟೇ, ಕಾಂಪೌಂಡಿನ ಮೇಲೆ ಎರಡು ಕಾಲು ಹತ್ತಿಸಿ ನಿಲ್ಲುತ್ತಾನೆ. ಇರಲಿ, ನಾನು ಹೇಳಹೊರಟಿದ್ದು ಬ್ರೆಡ್ಡಿನ ವಿಷಯ.

ಕಳೆದ ವರ್ಷ ರೇಬೀಸ್ ಲಸಿಕೆಗೆ ಇವನನ್ನು ಕರೆದುಕೊಂಡು ಮನೆಮಂದಿಯೆಲ್ಲ ಹೋದೆವು. ನಾಯಿ ಡಾಕ್ಟರ ಹತ್ತಿರ ಹೋಗೋದಕ್ಕೆ ನಾಲ್ಕು ಜನ ಯಾಕೆ ಅಂತ ಕೇಳಬೇಡಿ. ಒಬ್ಬರು ಹಿಡಿಯೋದಕ್ಕೆ, ಒಬ್ಬರು ಬಿಲ್ ಕೊಡೋದಕ್ಕೆ, ಒಬ್ಬರು ಅಳೋದಕ್ಕೆ. ಅಮ್ಮ ಮೇಲ್ವಿಚಾರಣೆಗೆ. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಹದಿನಾರು ಕಿಲೋ ಚಿಲ್ಲರೆ ತೋರಿಸಿತು. ಡಾಕ್ಟರಮ್ಮ ಹಳೇ ಚೀಟಿ ತಿರುವಿ ನೋಡಿದರು. "ಇವನು ಹನ್ನೆರಡು ಇರಬೇಕಿತ್ತು. ಏನೇನು ಹಾಕ್ತೀರಿ?"

"ನೀವು ಬರೆದುಕೊಟ್ಟಿದ್ದೇ ಮೇಡಂ. ಬೆಳಿಗ್ಗೆ ಡಾಗ್ ಫುಡ್ಡು, ರಾತ್ರಿ ಅನ್ನ, ಮೊಟ್ಟೆ" ಅಂದೆ.

"ಬಿಸ್ಕತ್ತು?"

"ಛೆ, ಮುಟ್ಟಿಸಲ್ಲ."

"ಬ್ರೆಡ್?"

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ರಾಗಿ ಮೂಟೆಯ ಹಾಗೆ ಬಿದ್ದಿದ್ದವನು ಕಿವಿ ಎರಡೂ ಎತ್ತಿದ. ಎದ್ದ. ಡಾಕ್ಟರಮ್ಮನ ಎದುರಿಗೆ ಹೋಗಿ ಬೆನ್ನು ನೆಟ್ಟಗೆ ಮಾಡಿ ಕೂತು, ಬಲಗಾಲು ಎತ್ತಿ ಶೇಕ್ ಹ್ಯಾಂಡ್ ಕೊಟ್ಟ. ಅಷ್ಟೂ ಹೊತ್ತು ಅವರ ಕಣ್ಣನ್ನೇ ನೋಡುತ್ತಿದ್ದ. ಸಾಕ್ಷಿ ಹೇಳೋದಂದರೆ ಇದು. ಡಾಕ್ಟರಮ್ಮ ಅವನ ಕೈ ಕುಲುಕಿ, ಆಮೇಲೆ ನಮ್ಮ ಕಡೆ ತಿರುಗಿದರು.

ಮೊದಲು ತಪ್ಪೊಪ್ಪಿಕೊಂಡವನು ನಾನೇ. ಬೆಳಿಗ್ಗೆ ವಾಕಿಂಗ್ ಅಂತ ಹೊರಟು ಅಯ್ಯಂಗಾರ್ ಬೇಕರಿ ಮುಂದೆ ನಿಲ್ಲುತ್ತೇವೆ, ಒಂದು ಬನ್ನಿನಲ್ಲಿ ಅರ್ಧ ನನಗೆ, ಅರ್ಧ ಅವನಿಗೆ. ನನಗೆ ಡಯಾಬಿಟೀಸ್ ಇರೋದರಿಂದ ಈ ವ್ಯವಹಾರ ನಮ್ಮಿಬ್ಬರ ನಡುವೆಯೇ ಇತ್ತು. ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿ, ಆಮೇಲೆ ಮೆಲ್ಲಗೆ, ಸ್ಯಾಂಡ್‌ವಿಚ್ ಮಾಡುವಾಗ ಕತ್ತರಿಸಿದ ಅಂಚುಗಳನ್ನು ಎಸೆಯೋಕೆ ಮನಸ್ಸು ಬರಲಿಲ್ಲ ಅಂದಳು. ಮಗಳದ್ದು ಟೇಬಲ್ಲಿನ ಕೆಳಗೆ ಜಾಮ್ ಬ್ರೆಡ್. ಉಳಿದವರು ಅಮ್ಮ. "ನಾನೇನೂ ಕೊಟ್ಟಿಲ್ಲಪ್ಪ" ಅಂದು ಸೆರಗು ಸರಿಮಾಡಿಕೊಂಡರು. "ಹಾಲಲ್ಲಿ ಅದ್ದಿ ಎರಡೇ ಎರಡು ಸ್ಲೈಸು. ಅದೂ ಅವನು ಸಪ್ಪಗಿದ್ದಾಗ ಮಾತ್ರ."

ಅವನು ದಿನಾ ಸಂಜೆ ನಾಲ್ಕು ಗಂಟೆಗೆ ಸರಿಯಾಗಿ ಯಾಕೆ ಸಪ್ಪಗಾಗುತ್ತಿದ್ದ ಅನ್ನೋದು ನನಗೆ ಆಗ ಹೊಳೆಯಿತು.

ಡಾಕ್ಟರಮ್ಮ ಚೀಟಿಯ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಹನ್ನೆರಡು ಕಿಲೋ ನಾಯಿಗೆ ದಿನಕ್ಕೆ ಬೇಕಾದ್ದು ಹತ್ತಿರ ಹತ್ತಿರ 700 ಕ್ಯಾಲೊರಿ. ತಿಂಡಿ ತೀರ್ಥ ಎಲ್ಲ ಸೇರಿ ಅದರಲ್ಲಿ ನೂರಕ್ಕೆ ಹತ್ತು ಭಾಗ ದಾಟಬಾರದು, ಅಂದರೆ 70. ಒಂದು ಸ್ಲೈಸ್ ಬ್ರೆಡ್ಡಿನಲ್ಲೇ 70ರಿಂದ 80 ಇರುತ್ತೆ. "ನೀವು ನಾಲ್ಕೂ ಜನ ಸೇರಿ ಅವನಿಗೆ ದಿನಾ ಇನ್ನೊಂದು ಊಟ ಹಾಕ್ತಿದ್ದೀರಿ" ಅಂದರು.

ಮಗಳು ಸೆಕೆಂಡ್ ಪಿಯುಸಿ ಬಯಾಲಜಿ. ಸುಮ್ಮನಿರಬೇಕಲ್ಲ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಂಡುಹಿಡಿದಿದ್ದಾರಂತೆ, ಪಿಷ್ಟ ಜೀರ್ಣಿಸುವ ಅಮೈಲೇಸ್ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿ, ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ. ಮನುಷ್ಯನ ಜೊತೆ ಅನ್ನ ರೊಟ್ಟಿ ತಿಂದು ತಿಂದು ನಾಯಿಗೆ ಪಿಷ್ಟ ಒಗ್ಗಿಹೋಗಿದೆ, ಅದಕ್ಕೇ ಬ್ರೆಡ್ ಜೀರ್ಣ ಆಗುತ್ತೆ ಮೇಡಂ ಅಂತ ವಾದಿಸಿದಳು.

"ಆಗುತ್ತಮ್ಮ, ಚೆನ್ನಾಗಿಯೇ ಆಗುತ್ತೆ. ಅದಕ್ಕೇ ಹದಿನಾರು ಕಿಲೋ ಆಗಿರೋದು."

ನಾನು ನೇರವಾಗಿ ಕೇಳಿಬಿಟ್ಟೆ. ಬ್ರೆಡ್ ನಾಯಿಗೆ ವಿಷವಾ? ವಿಷ ಅಲ್ಲ, ಔಷಧವೂ ಅಲ್ಲ ಅಂದರು. ಗೋಧಿ ಒಗ್ಗದ ನಾಯಿ ಅಲ್ಲೊಂದು ಇಲ್ಲೊಂದು ಇರುತ್ತೆ, ಮಿಕ್ಕವಕ್ಕೆ ಏನೂ ಹಾಕದ ಸಾದಾ ಬ್ರೆಡ್ ಒಂದು ಚೂರು ತಿಂದರೆ ಏನೂ ಆಗಲ್ಲ. ಬ್ರೆಡ್ಡಿನ ಒಳಗೆ, ಮೇಲೆ ಏನಿದೆ ಅನ್ನೋದನ್ನು ನೋಡಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಚಾಕೊಲೇಟ್ ಹೃದಯಕ್ಕೆ ಏಟು. ಸಕ್ಕರೆ ಇಲ್ಲದ ತಿಂಡಿಗಳಿಗೆ ಹಾಕುವ ಕ್ಸೈಲಿಟಾಲ್ ಅನ್ನೋ ಸಿಹಿ ನಮ್ಮಲ್ಲಿ ಅಂಥ ಏರುಪೇರು ಮಾಡಲ್ಲ, ನಾಯಿಯಲ್ಲಿ ಮಾತ್ರ ಇನ್ಸುಲಿನ್ ಒಂದೇ ಸಲ ಏರಿಸಿ ರಕ್ತದ ಸಕ್ಕರೆಯನ್ನು ಕುಸಿಯುವಂತೆ ಮಾಡುತ್ತೆ. ಬೂಷ್ಟು ಬಂದ ಬ್ರೆಡ್ಡನ್ನು "ಹೋಗಲಿ, ನಾಯಿಗೆ ಹಾಕು" ಅನ್ನೋದು ನಮ್ಮೆಲ್ಲರ ಮನೆಯ ಅಭ್ಯಾಸವಲ್ಲವೇ? ಆ ಬೂಷ್ಟಿನ ವಿಷಕ್ಕೆ ನಾಯಿಗೆ ನಡುಕ, ಫಿಟ್ಸ್ ಬರಬಹುದಂತೆ. ಇನ್ನು ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೇ ಕುತ್ತು, ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಮೇಲೆ ಗುಮಾನಿ ಇದೆ, ಹುಣಸೆಹಣ್ಣಿನಲ್ಲೂ ಅದೇ ಇರೋದು ಅಂದರು.

"ಹಾಗಾದ್ರೆ ಪುಳಿಯೋಗರೆ?" ಅಂತ ಅಮ್ಮ ಕೇಳಿದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಮರುದಿನ ಬೇಕರಿಯ ಗಾಜಿನ ಪೆಟ್ಟಿಗೆ ನನಗೆ ಬೇರೆಯಾಗಿಯೇ ಕಂಡಿತು. ಇಪ್ಪತ್ತು ವರ್ಷದಿಂದ ಪರಿಮಳಕ್ಕೆ ಮೂಗು ಕೊಟ್ಟು ನಿಂತ ಜಾಗ. ಖಾರ ಬನ್ ಅಂದರೆ ಈರುಳ್ಳಿ. ಪಲ್ಯ ಬನ್ ಅಂದರೆ ಮತ್ತಷ್ಟು ಈರುಳ್ಳಿ. ಪ್ಲಮ್ ಕೇಕಿನಲ್ಲಿ ಒಣದ್ರಾಕ್ಷಿ ಕಣ್ಣು ಬಿಟ್ಟುಕೊಂಡು ನೋಡುತ್ತಿದೆ. ಬೆಣ್ಣೆ ಬಿಸ್ಕತ್ತಿನ ವಿಷಯ ಬೇಡ, ನಾಯಿ ಹೊಟ್ಟೆಗೆ ತುಪ್ಪ ದಕ್ಕಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ, ಕೊಬ್ಬು ಹೆಚ್ಚಾದರೆ ಮೇದೋಜೀರಕ ಊದಿಕೊಳ್ಳುತ್ತಂತೆ.

"ಏನೂ ಹಾಕದೇ ಇರೋ ಬ್ರೆಡ್ ಇದೆಯಾ?" ಅಂದೆ.

"ಮೈದಾನಾದ್ರೂ ಹಾಕಲೇಬೇಕಲ್ಲ ಸಾರ್" ಅಂದರು ಬೇಕರಿಯವರು.

ಅಮ್ಮನಿಗೆ ಇದ್ಯಾವುದೂ ಒಪ್ಪಿಗೆಯಾಗಲಿಲ್ಲ. ಅವರ ಪ್ರಕಾರ ಬ್ರೆಡ್ ತಿಂಡಿಯಲ್ಲ, ಪಥ್ಯ. ನಮ್ಮ ಕಡೆ ಬ್ರೆಡ್ ಮನೆಯೊಳಗೆ ಬಂದಿದ್ದೇ ಜ್ವರದ ಜೊತೆಗೆ. ಯಾರಾದರೂ ಆಸ್ಪತ್ರೆ ಸೇರಿದರೆ ನೋಡಲು ಹೋಗುವವರ ಕೈಯಲ್ಲಿ ಒಂದು ಪೌಂಡ್ ಬ್ರೆಡ್ಡು, ನಾಲ್ಕು ಮೂಸಂಬಿ. ಆರೋಗ್ಯವಾಗಿದ್ದವನು ಬ್ರೆಡ್ ತಿಂದರೆ "ಯಾಕೋ, ಮೈಗೆ ಹುಷಾರಿಲ್ವಾ?" ಅಂತ ಕೇಳುತ್ತಿದ್ದ ಕಾಲ ಅದು. ಟೈಫಾಯ್ಡ್ ಬಂದವನಿಗೇ ದಕ್ಕೋ ಪದಾರ್ಥ ನಾಯಿಗೆ ದಕ್ಕಲ್ವಾ ಅನ್ನೋದು ಅವರ ಪ್ರಶ್ನೆ. ಅದಕ್ಕೂ ಹಿಂದೆ, ನಮ್ಮಜ್ಜಿ ಇದ್ದಾಗ, ಜ್ವರಕ್ಕೂ ಬ್ರೆಡ್ಡಿಗೆ ಹೊಸ್ತಿಲು ದಾಟಲು ಅಪ್ಪಣೆ ಇರಲಿಲ್ಲವಂತೆ. "ಅದಕ್ಕೆ ಹೆಂಡ ಹಾಕ್ತಾರೆ" ಅನ್ನೋದು ಅಜ್ಜಿಯ ಗಟ್ಟಿ ನಂಬಿಕೆ. ಮೈಸೂರಿನಲ್ಲಿ ಯಾರು ಹಾಕುತ್ತಿದ್ದರೋ ಕಾಣೆ, ಗೋವಾದ ಬೇಕರಿಗಳಲ್ಲಿ ಹಿಂದೆ ಹಿಟ್ಟು ಉಬ್ಬಿಸಲು ಕಳ್ಳು ಬಳಸುತ್ತಿದ್ದದ್ದು ನಿಜ. ಅಜ್ಜಿ ಗೋವಾ ನೋಡಿದವರಲ್ಲ. ಹೇಗೋ ಸುದ್ದಿ ನಂಜನಗೂಡಿನವರೆಗೆ ಬಂದಿತ್ತು.

ಹೆಂಡತಿ ಇದಕ್ಕೆಲ್ಲ ಒಂದು ಪರಿಹಾರ ಕಂಡುಕೊಂಡಳು. ಬೇಕರಿ ಸಹವಾಸವೇ ಬೇಡ, ಮನೆಯಲ್ಲೇ ಶುದ್ಧ ಬ್ರೆಡ್ ಮಾಡೋಣ. ಒಂದು ಭಾನುವಾರ ಅರ್ಧ ಕಿಲೋ ಮೈದಾ, ಈಸ್ಟು, ಉಗುರುಬೆಚ್ಚಗಿನ ನೀರು ಹಾಕಿ ಹಿಟ್ಟು ನಾದಿ, ಪಾತ್ರೆಗೆ ಒದ್ದೆ ಬಟ್ಟೆ ಮುಚ್ಚಿ, ಬಿಸಿಲು ಬೀಳೋ ಕಡೆ ಅಂತ ಹಿತ್ತಲ ಕಟ್ಟೆಯ ಮೇಲಿಟ್ಟಳು. ಮುಕ್ಕಾಲು ಗಂಟೆ ಬಿಟ್ಟು ಹೋಗಿ ನೋಡಿದರೆ ಬಟ್ಟೆ ನೆಲದ ಮೇಲೆ, ಪಾತ್ರೆ ಮೂಲೆಯಲ್ಲಿ, ಹಿಟ್ಟು ಅರ್ಧಕ್ಕರ್ಧ ಮಾಯ. ಅವಳು ಮೊದಲು ಅನುಮಾನ ಪಟ್ಟಿದ್ದು ನನ್ನ ಮೇಲೆ. ಅಷ್ಟರಲ್ಲಿ ತುಳಸಿಕಟ್ಟೆ ಹಿಂದಿನಿಂದ ಬನ್ನಿ ಬಂದ. ಮೂಗಿನ ಮೇಲೆ ಬಿಳಿ ಹಿಟ್ಟು ಮೆತ್ತಿತ್ತು, ಮೀಸೆ ಒಂದೊಂದು ಎಳೆಗೂ ಒಂದೊಂದು ಉಂಡೆ. ಹಲ್ಲಿಗೆ ಅಂಟಿಕೊಂಡಿದ್ದ ಹಿಟ್ಟನ್ನು ನಾಲಿಗೆಯಿಂದ ಬಿಡಿಸಿಕೊಳ್ಳುತ್ತಾ, ಚೂಯಿಂಗ್ ಗಮ್ ಜಗಿಯುವ ಕ್ರಿಕೆಟ್ ಆಟಗಾರನ ಹಾಗೆ ನಮ್ಮನ್ನು ನೋಡಿದ.

ನಾನು ಹೊಟ್ಟೆ ಹಿಡಿದು ನಕ್ಕೆ. ಬೆಂದಿದ್ದರೆ ಬ್ರೆಡ್ಡು, ಬೇಯದಿದ್ದರೆ ಹಿಟ್ಟು, ಅದರಲ್ಲೇನು? ಹೆಂಡತಿ ನಗಲಿಲ್ಲ, ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಅವರ ದನಿ ಕೇಳಿ ನನ್ನ ನಗು ಅಲ್ಲೇ ನಿಂತಿತು. "ಈಸ್ಟ್ ಹಾಕಿತ್ತಾ? ಈಗಲೇ ಕರ್ಕೊಂಡು ಬನ್ನಿ. ನೀವಾಗಿ ವಾಂತಿ ಮಾಡಿಸೋಕೆ ಹೋಗಬೇಡಿ."

ಬೆಂದ ಬ್ರೆಡ್ಡಿನಲ್ಲಿ ಈಸ್ಟ್ ಸತ್ತಿರುತ್ತೆ. ಹಸಿ ಹಿಟ್ಟಿನಲ್ಲಿ ಅದಕ್ಕೆ ಜೀವ ಇರುತ್ತೆ. ನಾಯಿಯ ಹೊಟ್ಟೆ ಬೆಚ್ಚಗೆ, ಒದ್ದೆಯಾಗಿ, ಕತ್ತಲಾಗಿ ಇರುವ ಜಾಗ. ನನ್ನ ಹೆಂಡತಿ ಬಿಸಿಲು ಹುಡುಕಿಕೊಂಡು ಹೋಗಿ ಮಾಡಿದ ವ್ಯವಸ್ಥೆ ಅಲ್ಲಿ ತಾನಾಗಿಯೇ ಇತ್ತು. ಹಿಟ್ಟು ಒಳಗೇ ಉಬ್ಬುತ್ತೆ, ಗಾಳಿ ತುಂಬುತ್ತೆ, ಕೆಲವು ನಾಯಿಗಳಲ್ಲಿ ಹೊಟ್ಟೆಯೇ ತಿರುಚಿಕೊಂಡು ಜೀವಕ್ಕೇ ಕುತ್ತು ಬರುತ್ತೆ. ಸಾಲದ್ದಕ್ಕೆ ಹುದುಗುವಾಗ ಹುಟ್ಟುವ ಆಲ್ಕೋಹಾಲ್ ನೇರ ರಕ್ತಕ್ಕೆ.

ಆಟೋದಲ್ಲಿ ಅವನು ನನ್ನ ತೊಡೆಯ ಮೇಲಿದ್ದ. ಹೊಟ್ಟೆ ಮುಟ್ಟಿದರೆ ಶ್ರುತಿ ಮಾಡಿಟ್ಟ ಮೃದಂಗದ ಹಾಗೆ ಬಿಗಿಯಾಗಿತ್ತು. ಇಳಿಸಿದಾಗ ಹಿಂಗಾಲು ಎಡಕ್ಕೆ ಹೋದರೆ ಮುಂಗಾಲು ಬಲಕ್ಕೆ. ಎರಡು ಹೆಜ್ಜೆ ನಡೆದು ಕರೆಂಟ್ ಕಂಬಕ್ಕೆ ಒರಗಿ ನಿಂತ, ಕಾಲೆತ್ತಲು ನೋಡಿ ಎತ್ತಲಾಗದೆ ಸುಮ್ಮನಾದ.

ಆಟೋದವನು ಮೀಟರ್ ನೋಡೋದು ಬಿಟ್ಟು ಇವನನ್ನೇ ನೋಡಿದ. "ಸಾರ್, ಎಣ್ಣೆ ಹಾಕಿದ್ದಾನಾ?"

"ಇಲ್ಲಪ್ಪ, ಬ್ರೆಡ್ಡು."

ಅವನು ನನ್ನನ್ನೂ ಒಂದು ಸಲ ಮೇಲಿಂದ ಕೆಳಗೆ ನೋಡಿ ಹೊರಟ.

ನಳಿಕೆ ಇಳಿಸಿ ತಣ್ಣೀರಿನಿಂದ ಹೊಟ್ಟೆ ತೊಳೆದರು, ಈಸ್ಟಿನ ಆಟ ನಿಧಾನವಾಗಲಿ ಅಂತ. ಎಕ್ಸ್‌ರೇ ತೆಗೆದರು, ಬಲಗಾಲಿಗೆ ಡ್ರಿಪ್ ಹಾಕಿದರು. ಹೆಂಡತಿ ಹೊರಗಿನ ಬೆಂಚಿನ ಮೇಲೆ ಕೂತು ಕೈಬೆರಳ ಸಂದಿಯಲ್ಲಿ ಒಣಗಿದ್ದ ಹಿಟ್ಟನ್ನು ಕೆರೆದು ಕೆರೆದು ತೆಗೆಯುತ್ತಿದ್ದಳು, ಮಾತಾಡಲಿಲ್ಲ. ನಾನು ನಕ್ಕಿದ್ದನ್ನು ಅವಳು ಇನ್ನೂ ಮರೆತಿಲ್ಲ. ಸಂಜೆ ಏಳರ ಹೊತ್ತಿಗೆ ಅವನು ತಲೆ ಎತ್ತಿ, ಪಕ್ಕದ ಬೋನಿನ ಬೆಕ್ಕಿನ ಮೇಲೆ ಒಂದು ಸಲ ಬೊಗಳಿದ. ರಾತ್ರಿ ನೋಡಿಕೊಂಡು ಬೆಳಿಗ್ಗೆ ಕಳಿಸುತ್ತೇವೆ ಅಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಹೊಟ್ಟೆಯಲ್ಲಿ ಹಿಟ್ಟು ಹುಳಿತು ಹೆಂಡ ಆಗಿತ್ತಂತೆ. ಅಮ್ಮ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ಗೋಡೆಯ ಮೇಲಿದ್ದ ಅಜ್ಜಿಯ ಫೋಟೋದ ಕಡೆ ತಿರುಗಿ ಕೈ ಮುಗಿದರು. "ನಮ್ಮತ್ತೆ ಅವತ್ತೇ ಹೇಳಿದ್ದರು. ಯಾರು ಕೇಳ್ತಾರೆ!" ಇಂಥ ಸುದ್ದಿ ಒಬ್ಬರೇ ಇಟ್ಟುಕೊಳ್ಳಲಾಗದೆ ಆ ರಾತ್ರಿಯೇ ನಂಜನಗೂಡಿಗೆ, ನಮ್ಮ ಸೋದರತ್ತೆಗೆ ಫೋನ್ ಹಚ್ಚಿದರು. ಸೋದರತ್ತೆಗೆ ಕಿವಿ ಅಷ್ಟಕ್ಕಷ್ಟೆ, ಫೋನೂ ಅಷ್ಟಕ್ಕಷ್ಟೆ.

ಬೆಳಿಗ್ಗೆ ಬನ್ನಿಯನ್ನು ಕರೆತಂದು ಹಾಲ್‌ನಲ್ಲಿ ಮಲಗಿಸಿದ್ದೆವು. ಬಲಗಾಲಿಗೆ ಬಿಳಿ ಪಟ್ಟಿ. ಮನೆಯಲ್ಲಿ ಬ್ರೆಡ್ ಅನ್ನೋ ಮಾತೇ ಆಡಕೂಡದು, ಕೊಡೋದಾದರೆ ಕ್ಯಾರೆಟ್, ಸೌತೆಕಾಯಿ ಮಾತ್ರ ಅಂತ ಹೆಂಡತಿ ಶಾಸನ ಹೊರಡಿಸುತ್ತಿದ್ದಳು. ಗೇಟು ಕಿರುಗುಟ್ಟಿತು. ನೋಡಿದರೆ ಸೋದರತ್ತೆ, ಮೊದಲ ಬಸ್ಸಿಗೆ ಬಂದಿದ್ದಾರೆ, ಬೆವರು ಒರೆಸಿಕೊಳ್ಳುತ್ತಿದ್ದಾರೆ.

"ಏನೇ ಇದು, ರಾತ್ರಿ ಬರೀ 'ಬನ್ನಿ, ಆಸ್ಪತ್ರೆ, ಡ್ರಿಪ್ಪು' ಅಂದೆಯಲ್ಲ, ಯಾರಿಗೆ ಏನು ಅಂತ ಹೇಳಬಾರದಾ? ಬನ್ನಿ ಅಂದಮೇಲೆ ಬರದೇ ಇರೋಕಾಗುತ್ತಾ? ಎಲ್ಲಿ ಪೇಶೆಂಟು?"

ಅವರ ಕೈಯಲ್ಲೊಂದು ವೈರ್ ಬುಟ್ಟಿ. ಮೇಲೆ ನಾಲ್ಕು ಮೂಸಂಬಿ. ಅದರ ಕೆಳಗಿಂದ ಮೇಣದ ಕಾಗದ ಪರಪರ ಅಂದಿತು.

"ಅಯ್ಯೋ ಅತ್ತಿಗೆ, ಬನ್ನಿ, ಮೊದಲು ಒಳಗೆ ಬನ್ನಿ" ಅಂದರು ಅಮ್ಮ.

ಹಾಲ್‌ನಲ್ಲಿ ಮಲಗಿದ್ದವನು ಎದ್ದ. ಕುಂಟುತ್ತಾ ಹೊಸ್ತಿಲವರೆಗೆ ಬಂದ. ಸೋದರತ್ತೆಯ ಎದುರಿಗೆ ಬೆನ್ನು ನೆಟ್ಟಗೆ ಮಾಡಿ ಕೂತು, ಪಟ್ಟಿ ಕಟ್ಟಿದ್ದ ಬಲಗಾಲನ್ನು ಮೆಲ್ಲಗೆ ಮುಂದೆ ಚಾಚಿದ.