‘ಏನು ಕಲಿತೆ?’ ಎಂಬ ಪ್ರಶ್ನೆಯೇ ಬೇಡ

ಮಕ್ಕಳಿಗೆ ಚಿತ್ರಪುಸ್ತಕ ಓದಿಸುವ ಕುರಿತ ಲೇಖನವೊಂದನ್ನು ಓದಿದೆ. ಚಿತ್ರಪುಸ್ತಕ ಓದಿ ಮುಗಿಸಿದ ಮೇಲೆ ‘ಈ ಕತೆಯಿಂದ ಏನು ಕಲಿತೆ?’ ಎಂದು ಮಗುವನ್ನು ತಪ್ಪದೆ ಕೇಳಿ ಎಂಬ ಅದರ ಲೇಖಕರ ಸಲಹೆಗೆ ನನ್ನ ತಕರಾರಿದೆ. ಉಳಿದದ್ದೆಲ್ಲ ಒಪ್ಪಿಗೆಯೇ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಸಣ್ಣ ಕ್ಲಾಸಿನವರಿಗೆ ಪಾಠ ಮಾಡುವವಳು ನಾನು. ಆ ಪ್ರಶ್ನೆ ಕೇಳಿದರೆ ಸಾಕು, ‘ಪ್ರಾಣಿಗಳಿಗೆ ದಯೆ ತೋರಿಸಬೇಕು ಟೀಚರ್’ ಎಂದು ಎಲ್ಲರೂ ಒಂದೇ ರಾಗದಲ್ಲಿ ಒಪ್ಪಿಸಿಬಿಡುತ್ತಾರೆ. ಯಾರೂ ಯೋಚಿಸಿರುವುದಿಲ್ಲ.

ಹಸಿದ ಮಂಗನ ಚಿತ್ರವಿದ್ದ ಪುಟ ತೆರೆದಿಟ್ಟು ಸುಮ್ಮನೆ ಕೂತಾಗ ಆದದ್ದೇ ಬೇರೆ. ‘ಪಾಪ, ಹೊಟ್ಟೆ ಎಷ್ಟು ಒಳಗೆ ಹೋಗಿದೆ ನೋಡಿ’ ಎಂದಳು ಒಬ್ಬಳು. ‘ಎಂಥ ಪಾಪ? ನಮ್ಮ ತೋಟದ ಬೊಂಡ (ಎಳನೀರು) ಎಲ್ಲ ಹಾಳು ಮಾಡ್ತದೆ, ಅಪ್ಪ ದಿನಾ ಓಡಿಸ್ಬೇಕು’ ಎಂದು ಇನ್ನೊಬ್ಬ ಎದ್ದು ನಿಂತ. ‘ಹಾಗಾದ್ರೆ ಅದು ತಿನ್ನುವುದೆಂಥದ್ದು?’ ಎಂದು ಅವಳು. ಹುಡುಗ ಚಿತ್ರವನ್ನೇ ಸ್ವಲ್ಪ ಹೊತ್ತು ನೋಡಿ, ‘ಗುಡ್ಡೆಯ ಹಲಸಿನ ಮರ ಎಲ್ಲ ಕಡಿದು ರಬ್ಬರ್ ಹಾಕಿದ್ದಾರಲ್ಲ’ ಎಂದ. ಅಪ್ಪನ ನಷ್ಟವನ್ನೂ ಮಂಗನ ಹಸಿವನ್ನೂ ಅವನು ಒಟ್ಟಿಗೇ ಲೆಕ್ಕಕ್ಕೆ ತೆಗೆದುಕೊಂಡ, ಯಾರೂ ಹೇಳಿಕೊಡದೆ! ನಾನು ಮೊದಲೇ ನೀತಿ ಹೇಳಿದ್ದರೆ ಅವನು ಬಾಯಿಯೇ ತೆರೆಯುತ್ತಿರಲಿಲ್ಲ.

ಪುಸ್ತಕ ದುಬಾರಿ ಎನ್ನುವವರಿಗೆ ಒಂದು ಮಾತು. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳೂ ಉಚಿತವಾಗಿ ಸಿಗುತ್ತವೆ, ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿಯೂ ಕೊಡಬಹುದು. ನಮ್ಮ ಕಾಸರಗೋಡಿನಂಥ ಕಡೆ ಅಕ್ಷರವೇ ಇಲ್ಲದ ಚಿತ್ರಪುಸ್ತಕಗಳಿಂದ ಆರಂಭಿಸಿ. ತುಳುವೋ ಮಲಯಾಳವೋ ಬ್ಯಾರಿಯೋ, ಮನೆಮಾತಿನಲ್ಲೇ ಮಗು ಕತೆ ಹೇಳಲಿ.